ದಾರಿ ಬದಿಯ ವೀರಗಲ್ಲಿಗೆ ಟಾರ್ಚ್ ಹಿಡಿಯಿರಿ

ಪ್ರಶ್ನೆ: ನಾನು ಸೊರಬದ ಕಡೆ ಶಾಲಾ ಶಿಕ್ಷಕಿ. ಬಸ್ಸಲ್ಲಿ ಓಡಾಡುವಾಗ ರಸ್ತೆ ಪಕ್ಕ, ಕೆರೆ ಏರಿ ಮೇಲೆ ಎಷ್ಟೊಂದು ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತ ವೀರರ ನೆನಪಿನ ಕಲ್ಲು, ಕಾಣುತ್ತವೆ. ಮೊಬೈಲಿನಲ್ಲಿ ಫೋಟೊ ತೆಗೆದು, ಎಲ್ಲರೂ ಉಚಿತವಾಗಿ ಬಳಸಬಹುದಾದ ಫೋಟೊಗಳ ಜಾಲತಾಣವಾದ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುವ ಆಸೆ. ಆದರೆ ಫೋಟೊದಲ್ಲಿ ಅಕ್ಷರವೇ ಕಾಣುವುದಿಲ್ಲ. ಸೀಮೆಸುಣ್ಣ ತುಂಬಿ ಅಂತ ಒಬ್ಬರು ಹೇಳಿದರು. ತುಂಬಬಹುದೇ?

ಉತ್ತರ: ಸೀಮೆಸುಣ್ಣ ಬೇಡ ಮೇಡಂ. ಮೈದಾ, ಎಣ್ಣೆ ಕೂಡ ಬೇಡ. ಪುಡಿ ಕಲ್ಲಿನ ಸಂದಿಯಲ್ಲಿ ಉಳಿದುಬಿಡುತ್ತದೆ. ಅದೂ ಅಲ್ಲದೆ, ನೀವು ತುಂಬುವುದು ನಿಮಗೆ ಕಂಡ ಅಕ್ಷರ, ಕೆತ್ತಿದವನ ಅಕ್ಷರ ಬೇರೆ ಇರಬಹುದು. ಮುಂದೆ ಓದುವವರು ನಿಮ್ಮ ಸುಣ್ಣವನ್ನೇ ಶಾಸನ ಅಂದುಕೊಳ್ಳುತ್ತಾರೆ.

ಅಕ್ಷರ ಎದ್ದು ಕಾಣಬೇಕಾದರೆ ನೆರಳು ಬೇಕು. ಬೆಳಕು ಕಲ್ಲಿನ ಮುಖಕ್ಕೆ ನೇರ ಬಿದ್ದರೆ ಎಲ್ಲ ಚಪ್ಪಟೆ. ಪಕ್ಕದಿಂದ ಸವರಿಕೊಂಡು ಹೋದರೆ ಸವೆದ ಗೀರೂ ಕಾಣುತ್ತದೆ. ‘ಬೆಳಿಗ್ಗೆ ಬೇಗ ಹೋಗಿ’ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಪೂರ್ತಿ ನಂಬಬೇಡಿ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಗಿನ ಬಿಸಿಲು ನೇರವಾಗಿಯೇ ಬೀಳುತ್ತದೆ. ಅದಕ್ಕೆ ಮಧ್ಯಾಹ್ನದ ಹತ್ತಿರ, ಬಿಸಿಲು ಕಲ್ಲಿನ ಮುಖ ಬಿಟ್ಟು ಹೋಗುವ ಹೊತ್ತಿಗೆ ಹೋಗಬೇಕು. ಮೊದಲ ಸಲ ಸುಮ್ನೆ ನೋಡಿ ಬನ್ನಿ, ಕಲ್ಲು ಯಾವ ದಿಕ್ಕಿಗಿದೆ ಅಂತ ಬರೆದುಕೊಳ್ಳಿ. ಮರದ ಕೆಳಗಿನ ಕಲ್ಲಾದರೆ ಕತ್ತಲಾದ ಮೇಲೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಕೈಗೆ ಟಾರ್ಚ್ ಕೊಟ್ಟು, ಕಲ್ಲಿಗೆ ಆನಿಸಿದ ಹಾಗೆ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಿಡಿಸಿ. ಮೂರರಲ್ಲೂ ಬೇರೆ ಬೇರೆ ಗೆರೆ ಕಾಣುತ್ತದೆ. ಮೊಬೈಲಿನ ಫ್ಲ್ಯಾಷ್ ಮಾತ್ರ ಆರಿಸಿಡಿ.

ನಿಂತು ತೆಗೆಯಬೇಡಿ, ಮಂಡಿಯೂರಿ. ಮೊದಲು ಇಡೀ ಕಲ್ಲು, ಸುತ್ತಲಿನ ಜಾಗವೂ ಸೇರಿ. ಆಮೇಲೆ ಒಂದೊಂದೇ ಪಟ್ಟಿಕೆ, ಅಂದರೆ ಕಲ್ಲಿನಲ್ಲಿ ಒಂದರ ಮೇಲೊಂದು ಕೆತ್ತಿದ ಚಿತ್ರದ ಸಾಲು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಬರಹ ಹೆಚ್ಚಾಗಿ ಈ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತದೆ. ಕಾಳಗದ ಪಟ್ಟಿಕೆಯಲ್ಲಿ ದನಗಳಿದ್ದರೆ ಬಿಡದೆ ಹತ್ತಿರದಿಂದ ತೆಗೆಯಿರಿ, ಅವನು ತುರು ಕಾದು ಸತ್ತವನು. ಮಡಿಸಿ ಎತ್ತಿದ ಕೈ, ಕೈತುಂಬ ಬಳೆ ಕಂಡರೆ ಅದು ಮಾಸ್ತಿಕಲ್ಲು, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ವೀರಗಲ್ಲು ಅಂತ ಹೆಸರು ಕೊಟ್ಟುಬಿಡಬೇಡಿ.

ಇನ್ನು ಜಾಗದ ವಿಷಯ. ನನಗೆ ಫೋಟೊಗಿಂತ ಇದೇ ಮುಖ್ಯ. ರಸ್ತೆ ಅಗಲ ಮಾಡುವಾಗ ಕಲ್ಲು ಹತ್ತು ಮಾರು ಸರಿದರೂ, ಮೊದಲು ಎಲ್ಲಿತ್ತು ಅಂತ ಹೇಳುವವರು ಸಿಗುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಕಳಚಿ ಹೋಗುತ್ತದೆ, ಮೂಲ ಫೈಲನ್ನೇ ಹಾಕಿ. ವಿವರಣೆಯಲ್ಲಿ ಊರು, ಹೋಬಳಿ, ತಾಲ್ಲೂಕು, ತಾರೀಖು ಇರಲಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟದಲ್ಲಿ ನಿಮ್ಮ ಸೊರಬದ ಶಾಸನಗಳಿಗೆ ಊರಿನ ಹೆಸರಿನ ಜೊತೆ ಸಂಖ್ಯೆ ಕೊಟ್ಟಿದ್ದಾರೆ. 1904ರ ಪುಸ್ತಕ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನಿಮ್ಮ ಕಲ್ಲು ಅದರಲ್ಲಿದ್ದರೆ ಸಂಖ್ಯೆ ಬರೆಯಿರಿ. ಪುಸ್ತಕ ಹೇಳಿದ ಕಡೆ ಕಲ್ಲು ಇಲ್ಲದಿದ್ದರೆ ಅದನ್ನೂ ಬರೆಯಿರಿ. ಹಾಗೆ ಬರೆಯುವವರು ಕಡಿಮೆ.

ಒಂದು ಕಡೆ ಮಾತ್ರ ನಾನು ಕೈ ಬಿಗಿ ಹಿಡಿಯುತ್ತೇನೆ. ನಿಧಿ ಆಸೆಗೆ ಕಲ್ಲು ಅಗೆಯುವವರು ಇದ್ದಾರೆ, ಗೊತ್ತಲ್ವಾ? ಕಾಡಿನಲ್ಲಿ, ಒಂಟಿ ಹೊಲದಲ್ಲಿ ನಿಂತ ಕಲ್ಲಾದರೆ ಊರಿನ ಹೆಸರು ಸಾಕು, ನಿಖರ ಲೊಕೇಶನ್ ಅಳಿಸಿಬಿಡಿ.

ಕುಂಕುಮ ಹಚ್ಚಿದ ಕಲ್ಲಿನ ಹತ್ತಿರ ಚಪ್ಪಲಿ ಬಿಡಿ, ಪೂಜೆ ಮಾಡುವವರನ್ನು ಕೇಳಿ ತೆಗೆಯಿರಿ, ಕುಂಕುಮ ಒರೆಸಬೇಡಿ. ಆ ಕಲ್ಲಿಗೆ ಊರಲ್ಲಿ ಏನು ಹೆಸರು ಅಂತಲೂ ಕೇಳಿ.

ಕಾಮನ್ಸ್‌ಗೆ ನೀವೇ ತೆಗೆದ ಫೋಟೊ ಮಾತ್ರ ಹಾಕಿ. ಹಾಕಿದ ಮೇಲೆ ಅದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು. ಇದು ಒಪ್ಪಿಗೆ ಇದ್ದರಷ್ಟೇ ಮುಂದುವರಿಯಿರಿ.

ಪ್ರಶ್ನೆ: ನಮ್ಮೂರ ಶಾಸನ ಅರ್ಧ ಮಣ್ಣಲ್ಲಿ ಹೂತಿದೆ. ಹುಡುಗರೆಲ್ಲ ಸೇರಿ ಎತ್ತಿ ನಿಲ್ಲಿಸಿ ಫೋಟೊ ತೆಗೆಯೋಣವೇ?

ಉತ್ತರ: ಬೇಡ. ಕಂಡಷ್ಟನ್ನು ಹಾಗೇ ತೆಗೆದು, ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಆ ಫೋಟೊ ಜೊತೆ ಒಂದು ಅರ್ಜಿ ಕೊಡಿ. ಹಾರೆ ತಗುಲಿ ಒಂದು ಸಾಲು ಒಡೆದರೆ ಮತ್ತೆ ಸಿಗುವುದಿಲ್ಲ. ಹುಡುಗರಿಗೆ ಕೆಲಸ ಬೇಕಿದ್ದರೆ ಅರ್ಜಿ ಏನಾಯಿತು ಅಂತ ಆಗಾಗ ಹೋಗಿ ಕೇಳಿ ಬರಲಿ.