ಸೇನಾಬಲವನ್ನೇ ನಂಬಿದ ಜಪಾನ್ ಸೋತದ್ದು ಹೇಗೆ?

ಯುದ್ಧ ಗೆಲ್ಲುತ್ತಲೇ ಬಂದ ಜಪಾನ್ 1945ರಲ್ಲಿ ಸೋತು ಸುಣ್ಣವಾದದ್ದು ಯಾಕೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಆ ಗೆಲುವುಗಳೇ ಮುಳುವಾದವು. 1895ರಲ್ಲಿ ಚೀನಾವನ್ನು, 1905ರಲ್ಲಿ ರಷ್ಯಾವನ್ನು ಮಣಿಸಿದ ಮೇಲೆ, ಸೈನ್ಯವೊಂದಿದ್ದರೆ ಸಾಕು ಎಂಬ ನಂಬಿಕೆ ಬೇರೂರಿತು.

ನಿಜವಾದ ಎಡವಟ್ಟು ಇದ್ದದ್ದು ಆಡಳಿತದಲ್ಲಿ. ಸೈನ್ಯ ಉತ್ತರ ಕೊಡಬೇಕಿದ್ದುದು ಚಕ್ರವರ್ತಿಗೆ, ಸಂಸತ್ತಿಗಲ್ಲ. 1931ರಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿದ್ದ ಜಪಾನಿ ಸೇನಾಧಿಕಾರಿಗಳು ತಾವೇ ರೈಲು ಹಳಿ ಸ್ಫೋಟಿಸಿದರು. ಚೀನೀಯರ ಮೇಲೆ ಗೂಬೆ ಕೂರಿಸಿ ಆ ಪ್ರದೇಶವನ್ನೇ ಹಿಡಿದರು. ಟೋಕಿಯೊ ಸರ್ಕಾರ ಸುಮ್ನೆ ನೋಡುತ್ತಾ ಕೂತಿತು. ಮರುವರ್ಷ ನೌಕಾಪಡೆಯ ಯುವ ಅಧಿಕಾರಿಗಳು ಪ್ರಧಾನಿ ಇನುಕಾಯಿ ತ್ಸುಯೋಶಿಯವರನ್ನು ಕೊಂದರು. ಕೊಂದವರಿಗೆ ಕರುಣೆ ತೋರಿಸಿ ಎಂದು ಜನರೇ ಅರ್ಜಿ ಹಾಕಿದರು! 1936ರಲ್ಲಿ, ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಹೊರಟ ಹಣಕಾಸು ಸಚಿವ ತಕಾಹಶಿ ಕೊರೆಕಿಯೊ ಕೂಡ ಹತರಾದರು. ಆಮೇಲೆ 'ಬೇಡ' ಎನ್ನುವ ಧೈರ್ಯ ಯಾರಿಗೆ ಬರುತ್ತದೆ ಹೇಳಿ?

1937ರಲ್ಲಿ ಶುರುವಾದ ಚೀನಾ ಯುದ್ಧ ಮುಗಿಯಲೇ ಇಲ್ಲ. 1941ರಲ್ಲಿ ಅಮೆರಿಕ ಜಪಾನಿಗೆ ತೈಲ ಕೊಡುವುದನ್ನೇ ನಿಲ್ಲಿಸಿತು. ಹಿಂದೆ ಸರಿಯುವ ಬದಲು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ನಾಲ್ಕು ವರ್ಷ ತುಂಬುವಷ್ಟರಲ್ಲಿ ಹಿರೋಶಿಮಾ, ನಾಗಸಾಕಿ ಸೇರಿ ಹತ್ತಾರು ನಗರಗಳು ಬೂದಿಯಾದವು. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 9ನೇ ವಿಧಿಯಲ್ಲಿ ಜಪಾನ್ ಯುದ್ಧದ ಹಕ್ಕನ್ನೇ ಬಿಟ್ಟುಕೊಟ್ಟಿತು.