ಕುಡಿದು ಗುದ್ದಿದವನಿಗೆ ಮೊದಲು ಚಿಕಿತ್ಸೆ, ಅಪ್ಪನಿಗೆ ಆಮೇಲೆ: ಇದು ನ್ಯಾಯವಾ?

ಪ್ರಶ್ನೆ: ಪೆರ್ಲದ ಹತ್ತಿರ ತಿರುವಿನಲ್ಲಿ ಜೀಪೊಂದು ಅಪ್ಪನ ಸ್ಕೂಟರಿಗೆ ಗುದ್ದಿತು. ಡ್ರೈವರ್ ಕುಡಿದಿದ್ದ. ಇಬ್ಬರನ್ನೂ ಒಂದೇ ಆಸ್ಪತ್ರೆಗೆ ತಂದರು. ಅಪ್ಪನಿಗೆ 68 ವರ್ಷ. ಕಾಲು ಮುರಿದು ನೋವಿನಿಂದ ಕೂಗುತ್ತಿದ್ದರು. ಡಾಕ್ಟರು, ನರ್ಸು ಎಲ್ಲ ಸುಮ್ನೆ ಬಿದ್ದಿದ್ದ ಆ ಡ್ರೈವರನ ಸುತ್ತಲೇ ಇದ್ದರು. ಅಪ್ಪನನ್ನು ನೋಡಿದ್ದು ಒಂದೂವರೆ ಗಂಟೆ ಆದ ಮೇಲೆ. ವಯಸ್ಸಾಯ್ತು ಅಂತ ಬಿಟ್ಟರಾ? ತಪ್ಪು ಮಾಡಿದವನ ಜೀವಕ್ಕೆ ಬೆಲೆ ಜಾಸ್ತಿಯಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಸಿಟ್ಟು ಸಹಜ. ಆದರೆ ‘ಸುಮ್ನೆ ಬಿದ್ದಿದ್ದ’ ಅಂತ ನೀವೇ ಬರೆದಿದ್ದೀರಿ ನೋಡಿ, ಕ್ಯಾಶುವಾಲಿಟಿಯಲ್ಲಿ ಕೆಲಸ ಮಾಡಿದ ನಮಗೆ ಹೆದರಿಕೆ ಆಗುವುದು ಅಂಥವರನ್ನು ಕಂಡಾಗಲೇ. ಕೂಗುವವರ ಉಸಿರಿನ ದಾರಿ ತೆರೆದಿದೆ, ಪ್ರಜ್ಞೆ ಇದೆ. ಅಲ್ಲಾಡದೆ ಮಲಗಿದವನ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ತಲೆಗೆ ಪೆಟ್ಟಾಗಿರಬಹುದು. ಬಾಯಲ್ಲಿ ಹೆಂಡದ ವಾಸನೆ ಇದ್ದರಂತೂ ಅದು ಅಮಲೋ, ಮಿದುಳಿನ ಪೆಟ್ಟೋ ಎಂದು ಹೇಳುವುದೇ ಕಷ್ಟ.

ಹೀಗೆ ಸರದಿ ಗೊತ್ತುಮಾಡುವುದಕ್ಕೆ ಟ್ರಯಾಜ್ ಅನ್ನುತ್ತಾರೆ. ನೆಪೋಲಿಯನ್ ಸೈನ್ಯದ ವೈದ್ಯ ಲಾರೆ, ಪದವಿ ನೋಡಬೇಡಿ, ಗಾಯ ನೋಡಿ ಎಂದವನು. ನಾವೂ ಅಷ್ಟೇ, ಯಾರ ತಪ್ಪು ಎಂದು ಕೇಳುವುದಿಲ್ಲ. ಕುಡಿದ ವಿಷಯ ಪೊಲೀಸರು, ಕೋರ್ಟು ನೋಡಿಕೊಳ್ಳಲಿ. ಕ್ಯಾಶುವಾಲಿಟಿ ಬಾಗಿಲಲ್ಲೇ ಶಿಕ್ಷೆ ಕೊಡಲು ಹೊರಟರೆ ನಾಳೆ ಹೆಲ್ಮೆಟ್ ಹಾಕದವನನ್ನೂ ಕಾಯಿಸಬೇಕಾಗುತ್ತದೆ, ಅಲ್ವಾ?

ಒಮ್ಮೆಲೇ ತುಂಬ ಜನ ಬಂದರೆ ಲೆಕ್ಕ ಬೇರೆ. ಉಸಿರು ನಿಮಿಷಕ್ಕೆ 30 ದಾಟಿದೆಯಾ, ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳುತ್ತದಾ, ಹೇಳಿದ ಹಾಗೆ ಕೈ ಮುಚ್ಚುತ್ತಾರಾ ಎಂದು ನೋಡಿ ಕೆಂಪು (ಈಗಲೇ ನೋಡಬೇಕು), ಹಳದಿ (ಸ್ವಲ್ಪ ಕಾಯಬಹುದು), ಹಸಿರು (ಚಿಕ್ಕ ಗಾಯ) ಪಟ್ಟಿ ಕಟ್ಟುತ್ತಾರೆ. ಕೇರಳದ ಗಡಿಯ ನಮ್ಮ ಕಾಸರಗೋಡಿನ ಕಡೆ ಇಲ್ಲೊಂದು ಎಡವಟ್ಟಿದೆ. ‘ಕೈ ಮುಚ್ಚಿ’ ಎಂದು ಮಲಯಾಳದಲ್ಲಿ ಹೇಳಿದರೆ, ಕನ್ನಡವೋ ತುಳುವೋ ಮಾತ್ರ ಗೊತ್ತಿರುವ ಅಜ್ಜಿ ಸುಮ್ನೆ ನೋಡುತ್ತಾರೆ. ಪ್ರಜ್ಞೆ ಇಲ್ಲ ಅಂತ ಬರೆದುಬಿಟ್ಟರೆ! ಹಾಗಾಗಿ ನಾನು ಮೂರೂ ಭಾಷೆಯಲ್ಲಿ ಕೇಳುತ್ತಿದ್ದೆ, ಕೈ ಮುಚ್ಚಿಯೂ ತೋರಿಸುತ್ತಿದ್ದೆ. ಕಪ್ಪು ಪಟ್ಟಿಯೂ ಒಂದಿದೆ. ಸತ್ತವರಿಗೆ, ಇದ್ದ ಸೌಕರ್ಯದಲ್ಲಿ ಉಳಿಸಲು ಆಗದವರಿಗೆ. ಮಾಮೂಲಿ ದಿನ ಅಂಥವರ ಹತ್ತಿರವೇ ಮೊದಲು ಓಡುತ್ತೇವೆ. ದುರಂತದ ದಿನ ಅವರನ್ನು ದಾಟಿ ಹೋಗಬೇಕು. ಕೆಲಸದಲ್ಲಿ ಅತಿ ಕಷ್ಟದ್ದು ಅದೇ.

ಇನ್ನು ವಯಸ್ಸು. ನಿಮ್ಮ ಅಪ್ಪನ ವಿಷಯದಲ್ಲಿ ಅದು ಲೆಕ್ಕಕ್ಕೆ ಬಂದಿರುತ್ತದೆ ಅಂತ ನನಗನಿಸುವುದಿಲ್ಲ. ಆದರೆ ಕೊರೋನಾ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ, ಇಟಲಿಯ ಐಸಿಯು ವೈದ್ಯರ ಸಂಘ, ಹಾಸಿಗೆ ಸಾಲದಿದ್ದರೆ ವಯಸ್ಸಿನ ಮಿತಿ ಇಡಬೇಕಾಗಬಹುದು ಎಂದಿತ್ತು. ನಾನು ಒಪ್ಪುವುದಿಲ್ಲ. ಯಾರಿಗೆ ಉಳಿಯುವ ಸಾಧ್ಯತೆ ಇದೆ ಎಂದು ನೋಡಬೇಕು, ಹುಟ್ಟಿದ ವರ್ಷವನ್ನಲ್ಲ. ನಮ್ಮಲ್ಲಿ ಅದೇ ತಿಂಗಳು ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿ, ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ವಾಪಸು ಬಂದವು. ರೋಗಿಗಳು ಸತ್ತರು. ತುರ್ತು ಚಿಕಿತ್ಸೆಗೆ ದಾರಿ ಬಿಡಿಸಿ ಎಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಬೇಕಾಯಿತು. ಅಲ್ಲಿ ನೋಡಿದ್ದು ವಯಸ್ಸೂ ಅಲ್ಲ, ಕಾಯಿಲೆಯೂ ಅಲ್ಲ, ಊರು.

ನಿಮ್ಮ ಅಪ್ಪನಿಗೆ ಆದ ಅನ್ಯಾಯ ಸರದಿಯದ್ದಲ್ಲ. ಒಂದೂವರೆ ಗಂಟೆ ಯಾರೂ ತಿರುಗಿ ನೋಡಲಿಲ್ಲ ಅಂದರೆ ಅದು ತಪ್ಪೇ. ಕಾಯುವವರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ನೋವಿಗೆ ಔಷಧಿ ಕೊಡಬೇಕು, ಯಾಕೆ ಕಾಯಬೇಕು ಅಂತ ಹೇಳಬೇಕು. ಇದನ್ನೇ ಬರೆದು ಸೂಪರಿಂಟೆಂಡೆಂಟರಿಗೆ ದೂರು ಕೊಡಿ. ಇನ್ನೊಮ್ಮೆ ಯಾರಾದರೂ ಮುರಿದ ಕಾಲಿನ ಜೊತೆ ಕಾಯುವಾಗ ಆ ಪಾದ ಮುಟ್ಟಿ ನೋಡುತ್ತಿರಿ. ತಣ್ಣಗಾದರೆ, ಬಿಳಿಚಿದರೆ, ಬೆರಳು ಜೋಮು ಹಿಡಿದರೆ ಮುಲಾಜಿಲ್ಲದೆ ನರ್ಸನ್ನು ಕರೆಯಿರಿ. ಆಗ ಸರದಿಯೇ ಬದಲಾಗುತ್ತದೆ.