ಉತ್ತರ: ನನ್ನ ವಿಡಂಬನೆ ಪತ್ತೇದಾರಿ ಕಥೆಯ ಬಂಧನದ ದೃಶ್ಯ ಯಾಕೆ ಯಾರಿಗೂ ನಂಬಿಕೆ ಬರ್ತಿಲ್ಲ?

ಕಾರಣ ಬಹುಶಃ 66ಎ, ಅಂದರೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರಿಗೆ ಶಿಕ್ಷೆ ಹೇಳಿದ್ದ ಐಟಿ ಕಾಯ್ದೆಯ ಸೆಕ್ಷನ್. ಜಾತಿ ಬಗ್ಗೆ ಹಾಕಿದ ಪೋಸ್ಟ್ ವೈರಲ್ ಆಯ್ತು ಅಂತ ನಿಮ್ಮ ಇನ್‌ಸ್ಪೆಕ್ಟರ್ ಹಾಕುವ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ.

ಮೊದಲು ಪೋಸ್ಟ್ ಹಾಕಿದ ದಿನ ಗಟ್ಟಿ ಮಾಡಿಕೊಳ್ಳಿ, ಅದನ್ನು ನೀವು ಹೇಳಿಲ್ಲ. 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಗುಂಪುಗಳ ನಡುವೆ ದ್ವೇಷ ಹರಡುವುದಕ್ಕೆ ಹಾಕುವ ಐಪಿಸಿ (ಹಳೆಯ ದಂಡ ಸಂಹಿತೆ) 153ಎ ಹಾಕಿಸಿ, ಅಲ್ಲಿಂದ ಈಚೆಗಾದರೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 196.

ಆಮೇಲೆ ನಿಮ್ಮ ಕಥೆಯಲ್ಲಿ ಸಾಕ್ಷ್ಯವಾಗಿ ಬರುವ ಆ ಪೋಸ್ಟಿನ ಸ್ಕ್ರೀನ್‌ಶಾಟ್. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ (ಫೈಲಿಗೆ ಬೆರಳಚ್ಚಿನಂತಿರುವ, ಫೈಲು ಸ್ವಲ್ಪ ಬದಲಾದರೂ ಬದಲಾಗುವ ಕೋಡ್) ಬರೆದಿರಬೇಕು. ಯಾರೋ ಕ್ರಾಪ್ ಮಾಡಿ ಹಂಚಿದ ಚಿತ್ರದ ಹ್ಯಾಶ್ ಮೂಲದ್ದಕ್ಕೆ ತಾಳೆ ಆಗುವುದಿಲ್ಲ, ಕೊಲೆಗಾರನ ಸುಳಿವು ಅಲ್ಲೇ ಇಡಬಹುದು ಅಲ್ವಾ?

ಆದರೆ 66ಎ ಪೂರ್ತಿ ತೆಗೆಯಬೇಡಿ. ರದ್ದಾದ ಮೇಲೂ ಪೊಲೀಸರು ಅದರಡಿ ಕೇಸು ಹಾಕ್ತಾನೇ ಇದ್ದರು, 2022ರಲ್ಲಿ ಕೋರ್ಟ್ ಮತ್ತೆ ಆದೇಶ ಕೊಡಬೇಕಾಯಿತು. ವಿಡಂಬನೆಗೆ ಇದಕ್ಕಿಂತ ಒಳ್ಳೆ ಸರಕು ಸಿಗಲ್ಲ. ಎಫ್‌ಐಆರ್ ನೋಡಿದ ವಕೀಲರಿಂದ ಹೇಳಿಸಿ: “ಸಾರ್, ಈ ಸೆಕ್ಷನ್ ತೀರಿಕೊಂಡು ಎಷ್ಟು ವರ್ಷ ಆಯ್ತು?” ಆ ಮಾತು ಠಾಣೆಯಲ್ಲೇ ಬರಲಿ, ಕೋರ್ಟ್ ದೃಶ್ಯದ ತನಕ ಕಾಯಿಸಬೇಡಿ.